ಹೆಪ್ಪುಗಟ್ಟಿದ ಹಣ್ಣಿನ ರಸ

ಜೆಲ್ಲಿ ಎಂಬ ಮಾತು ನಮಗೆ ಇಂಗ್ಲಿಷಿನಿಂದ ಬಂದಿತು; ಇಂಗ್ಲಿಷಿಗೆ ಫ್ರೆಂಚಿನಿಂದ; ಅದಕ್ಕೂ ಹಿಂದೆ ಹೋದರೆ ಲ್ಯಾಟಿನ್ ಭಾಷೆಯಲ್ಲಿ ಹಿಮಗಟ್ಟು, ಹೆಪ್ಪುಗಟ್ಟು ಎಂಬ ಅರ್ಥದ ಧಾತು ದೊರೆಯುತ್ತದೆ. ಕನ್ನಡದಲ್ಲಿ ಹಾಲು ಹೆಪ್ಪುಗಟ್ಟುತ್ತದೆ, ತುಪ್ಪ ಚಳಿಗೆ ಹರಳುಗಟ್ಟುತ್ತದೆ, ಕಬ್ಬಿನ ಹಾಲು ಪಾಕಕ್ಕೆ ಬಂದು ಬೆಲ್ಲವಾಗುತ್ತದೆ. ಸೋಸಿದ ಹಣ್ಣಿನ ರಸ ಸಕ್ಕರೆಯೊಡನೆ ಕುದಿದು, ತಣಿದು, ಗಾಜಿನಂತೆ ತಿಳಿಯಾಗಿ ನಿಲ್ಲುವುದಕ್ಕೆ ಮಾತ್ರ ನಮ್ಮಲ್ಲಿ ಒಂದು ಹೆಸರಿಲ್ಲ. ಹಣ್ಣಿಗೆ ಬಡತನವಿರುವ ಸೀಮೆಯಲ್ಲಿ ಹೀಗಾಗಿದ್ದರೆ ಆಶ್ಚರ್ಯವಿರಲಿಲ್ಲ. ಆದರೆ ಶಿವಮೊಗ್ಗೆಯಿಂದ ಪಶ್ಚಿಮಕ್ಕೆ ಹತ್ತು ಹರಿದಾರಿ ನಡೆದರೆ ಸಾಕು, ಹಲಸು, ಕಾಡುಮಾವು, ಮುರುಗಲು, ಉಪ್ಪಾಗೆ, ನೇರಳೆ, ಕವಳಿ, ನೆಲ್ಲಿ ಒಂದರ ಹಿಂದೊಂದು ಎದುರಾಗುತ್ತವೆ. ಇಷ್ಟು ಹಣ್ಣಿದ್ದೂ ಜೆಲ್ಲಿ ಏಕೆ ಹುಟ್ಟಲಿಲ್ಲ? ಆಮೇಲೆ ಬಂದ ಜೆಲ್ಲಿ ನಮಗೆ ಏನನ್ನು ಕೊಟ್ಟಿತು, ಏನನ್ನು ಕೊಡಲಿಲ್ಲ?

ಹಣ್ಣನ್ನು ಉಳಿಸಿಕೊಳ್ಳುವ ಬಗೆ ಮಲೆನಾಡಿನ ಗೃಹಿಣಿಗೆ ತಿಳಿದಿರಲಿಲ್ಲವೆಂದು ಹೇಳುವಂತಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಅಂಗಳಕ್ಕೆ ಇಳಿಯುವುದೇ ಕಷ್ಟವಾದ ಮನೆಗಳಲ್ಲಿ, ಬೇಸಗೆಯ ಎರಡು ತಿಂಗಳು ಮಳೆಗಾಲದ ಊಟಕ್ಕೆ ಸಿದ್ಧತೆ ನಡೆಸುವ ಕಾಲ. ಅಪ್ಪೆಮಿಡಿಗೆ ಉಪ್ಪು, ಮುರುಗಲ ಸಿಪ್ಪೆಗೆ ಬಿಸಿಲು, ಹಲಸಿನ ತೊಳೆಗೆ ಒರಳು ಮತ್ತು ಹಪ್ಪಳದ ಚಾಪೆ, ಮಾವಿನ ರಸಕ್ಕೆ ಪದರ ಪದರವಾಗಿ ಎರೆದು ಒಣಗಿಸುವ ತಾಳ್ಮೆ. ಒಣಗಿದ್ದೆಲ್ಲಕ್ಕೂ ಒಲೆಯ ಮೇಲಣ ಅಟ್ಟದ ಹೊಗೆ. ಘಟ್ಟದ ಕೆಳಗೆ, ಕಾಸರಗೋಡಿನವರೆಗೂ, ಹಲಸಿನ ಹಣ್ಣನ್ನು ಬೆಲ್ಲದೊಡನೆ ಕಾಯಿಸಿ ಮುದ್ದೆಗಟ್ಟಿಸಿದ ಬೆರಟಿ ಭರಣಿಯಲ್ಲಿ ವರ್ಷವಿಡೀ ಉಳಿದು ಪಾಯಸಕ್ಕೆ ಒದಗುತ್ತದೆ. ಬೆರಟಿ ಜಾಮಿನ ಜಾತಿಯದು, ಜೆಲ್ಲಿಯದಲ್ಲ. ಹಣ್ಣಿನ ತಿರುಳೆಲ್ಲ ಉಳಿದರೆ ಜಾಮ್; ತಿರುಳನ್ನು ಬಟ್ಟೆಯಲ್ಲಿ ಹಿಂದಿರಿಸಿ, ತಿಳಿರಸವನ್ನಷ್ಟೇ ಗಟ್ಟಿಸಿದರೆ ಜೆಲ್ಲಿ. ತಿರುಳನ್ನು ಬಿಸುಡುವ ಯೋಚನೆ ನಮ್ಮ ಅಜ್ಜಿಯರಿಗೆ ರುಚಿಸುತ್ತಿರಲಿಲ್ಲವೇನೋ.

ಗ್ರಂಥಗಳ ಕಡೆ ತಿರುಗೋಣ. 1025ರ ಸುಮಾರಿಗೆ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಯ ಭಾಗವೊಂದು ಉಂಟು. 16ನೆಯ ಶತಮಾನದ ಆರಂಭದ ಮಂಗರಸ ತನ್ನ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟ. ನಮ್ಮ ಜಿಲ್ಲೆಯ ಕೆಳದಿಯ ಅರಸು ಬಸವರಾಜ 18ನೆಯ ಶತಮಾನದ ಆರಂಭದಲ್ಲಿ ಸಂಸ್ಕೃತದಲ್ಲಿ ಸಂಕಲಿಸಿದ ‘ಶಿವತತ್ತ್ವರತ್ನಾಕರ’ ಎಂಬ ವಿಶ್ವಕೋಶದಲ್ಲಿಯೂ ಪಾಕಶಾಸ್ತ್ರಕ್ಕೆ ಎಡೆ ದೊರಕಿದೆ. ಹಣ್ಣಿನ ರಸಕ್ಕೆ ಸಿಹಿ ಬೆರೆಸುವುದು ಈ ಪರಂಪರೆಗೆ ಚೆನ್ನಾಗಿ ಗೊತ್ತಿತ್ತು. ಅದು ಕುಡಿಯುವುದಕ್ಕೆ, ಅಂದೇ ಮುಗಿಸುವುದಕ್ಕೆ. ಭರಣಿಯಲ್ಲಿಟ್ಟು ಆಷಾಢದಲ್ಲಿ ತೆಗೆಯುವುದಕ್ಕಲ್ಲ.

ಅಡ್ಡಿಯಾದುದು ಸಕ್ಕರೆ. ಜೆಲ್ಲಿ ನಿಲ್ಲಬೇಕಾದರೆ ಅದರ ತೂಕದಲ್ಲಿ ನೂರಕ್ಕೆ 60ರಿಂದ 65 ಪಾಲು ಸಕ್ಕರೆಯಿರಬೇಕು. ಪಾಯಸಕ್ಕೆ ಹಾಕುವ ಸಕ್ಕರೆಯ ಲೆಕ್ಕ ಇಲ್ಲಿ ನಡೆಯದು. ಇದು ಹಣ್ಣಿಗಿಂತ ಸಕ್ಕರೆಯೇ ಹೆಚ್ಚಾದ ಪದಾರ್ಥ. ಮಲೆನಾಡಿನಲ್ಲಿ ದೊರೆಯುತ್ತಿದ್ದುದು ಆಲೆಮನೆಯ ಬೆಲ್ಲ; ಅದರಲ್ಲಿಯೂ ಸಾಗರ, ಸೊರಬದ ಕಡೆ ಡಬ್ಬಿಯಲ್ಲಿ ತುಂಬಿಡುವ ಜೋನಿಬೆಲ್ಲ. ದೋಸೆಗೆ, ರೊಟ್ಟಿಗೆ ತುಪ್ಪದೊಡನೆ ಅದಕ್ಕೆ ಸಾಟಿಯಿಲ್ಲವೆಂದು ನಾನು ನಂಬಿದವನು. ಆದರೆ ಜೆಲ್ಲಿಗೆ ಅದು ಒಗ್ಗದು. ಅದರ ಬಣ್ಣ ಹಣ್ಣಿನ ಬಣ್ಣವನ್ನು ನುಂಗುತ್ತದೆ, ಅದರ ಪರಿಮಳ ಹಣ್ಣಿನ ಪರಿಮಳವನ್ನು ಮುಚ್ಚುತ್ತದೆ. ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆರೆಸುವ ಸುಣ್ಣದ ಶೇಷ ಬೆಲ್ಲದಲ್ಲಿ ಉಳಿದರೆ ಹಣ್ಣಿನ ಹುಳಿ ತಗ್ಗುತ್ತದೆ. ಹುಳಿ ತಗ್ಗಿದರೆ ಜೆಲ್ಲಿ ನಿಲ್ಲುವುದಿಲ್ಲ. ಇನ್ನೊಂದು ಮಾತನ್ನೂ ಸೇರಿಸಬೇಕು: ಜೆಲ್ಲಿ ಬ್ರೆಡ್ಡಿನ ಜೊತೆಗಾರ. ಕಡುಬು, ಅಕ್ಕಿರೊಟ್ಟಿಗಳ ಊರಿನಲ್ಲಿ ಜೋನಿಬೆಲ್ಲವೇ ಆ ಕೆಲಸವನ್ನು ಮಾಡುತ್ತಿದ್ದಾಗ, ಅದನ್ನು ಬಯಸುವವರು ಯಾರು?

ಸಕ್ಕರೆಯ ಮೂಲಸ್ಥಾನ ಭಾರತ. ಸಂಸ್ಕೃತದ ಶರ್ಕರಾ ಎಂಬ ಶಬ್ದವೇ ಪಾರಸಿ, ಅರಬ್ಬಿ ನಾಲಗೆಗಳ ಮೇಲೆ ಹಾದು ಯುರೋಪನ್ನು ಸೇರಿತು. ಹಣ್ಣನ್ನು ಸಕ್ಕರೆಯಲ್ಲಿ ಅದ್ದಿ ಕಾಪಿಡುವ ವಿದ್ಯೆ ಪಶ್ಚಿಮ ಏಷ್ಯದಲ್ಲಿ ಬೆಳೆದು ಮುರಬ್ಬ ಎಂಬ ಅರಬ್ಬಿ ಹೆಸರಿನಿಂದ ಉತ್ತರ ಭಾರತಕ್ಕೆ ಹಿಂದಿರುಗಿತು. ಮತ್ತೊಂದು ಧಾರೆ ಕಡಲ ಮಾರ್ಗವಾಗಿ ಬಂದಿತು. ಪೋರ್ಚುಗೀಸರು ತಮ್ಮ ನಾಡಿನಲ್ಲಿ ಮಾರ್ಮೆಲೊ ಎಂಬ ಹಣ್ಣಿನಿಂದ ಮಾರ್ಮೆಲಾಡ ಎಂಬ ಗಟ್ಟಿ ಪಾಕವನ್ನು ಮಾಡುತ್ತಿದ್ದರು. ಮಾರ್ಮಲೇಡ್ ಎಂಬ ಇಂಗ್ಲಿಷ್ ಶಬ್ದದ ಮೂಲ ಅದೇ. ಗೋವೆಯಲ್ಲಿ ಮಾರ್ಮೆಲೊ ಸಿಗಲಿಲ್ಲ. ತಾವೇ ಅಮೆರಿಕದಿಂದ ತಂದ ಸೀಬೆಯಿಂದ ಅದನ್ನು ಮಾಡಿದರು. ಗೋವೆಯ ಪೆರಾಡ ಇಂದಿಗೂ ಉಳಿದಿದೆ. ನಾವು ಪೇರಲ ಎನ್ನುವಾಗ ಕೇಳಿಬರುವುದು ಪೋರ್ಚುಗೀಸರ ಪೆರ ಎಂಬ ಮಾತು; ಪರಂಗಿ ಹಣ್ಣಿನ ಹೆಸರಿನಲ್ಲಂತೂ ಪರಂಗಿಯವನೇ ಕುಳಿತಿದ್ದಾನೆ. ಕೆಳದಿಯ ಅರಸರಿಗೂ ಪೋರ್ಚುಗೀಸರಿಗೂ ಕರಾವಳಿಯ ಅಕ್ಕಿ, ಮೆಣಸುಗಳ ವಿಚಾರದಲ್ಲಿ ಕದನಗಳಾದವು, ಕೌಲುಗಳಾದವು. ಶಿವಪ್ಪನಾಯಕ 1650ರ ದಶಕದಲ್ಲಿ ಹೊನ್ನಾವರ, ಮಂಗಳೂರುಗಳ ಕೋಟೆಗಳನ್ನು ಅವರಿಂದ ಕಿತ್ತುಕೊಂಡ. ಅನಾನಸು, ಪೇರಲ, ಪರಂಗಿ ಈ ಕದನಗಳನ್ನು ಲೆಕ್ಕಿಸದೆ ಘಟ್ಟ ಹತ್ತಿ ಹಿತ್ತಲಲ್ಲಿ ನೆಲೆಸಿದವು. ಪಾಕ ಮಾತ್ರ ಗೋವೆಯಲ್ಲಿಯೇ ಉಳಿಯಿತು.

ಬಿಳಿ ಸಕ್ಕರೆ ಅಗ್ಗವಾದುದು ಬಹಳ ಈಚಿನ ಮಾತು. 20ನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ಭಾರತದ ಪೇಟೆಗಳಿಗೆ ಬಿಳಿ ಸಕ್ಕರೆ ಹೆಚ್ಚಾಗಿ ಬರುತ್ತಿದ್ದುದು ಜಾವಾ ದ್ವೀಪದಿಂದ. 1932ರಲ್ಲಿ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ದೊರೆತ ಮೇಲೆ ದೇಶದೊಳಗೆ ಕಾರ್ಖಾನೆಗಳು ಎದ್ದವು; ಮಂಡ್ಯದ ಕಾರ್ಖಾನೆ 1933ರದು. ಮಹಾಯುದ್ಧದ ಕಾಲದಲ್ಲಿ ಸಕ್ಕರೆ ನಿಯಂತ್ರಣಕ್ಕೊಳಗಾಗಿ, ಪಡಿತರ ಚೀಟಿಯ ಪದಾರ್ಥವಾಗಿ ಬಹುಕಾಲ ಉಳಿಯಿತು. ಚೀಟಿಯ ಸಕ್ಕರೆಯಲ್ಲಿ ಕಾಫಿ ಕುಡಿಯಬಹುದು, ಹಬ್ಬಕ್ಕೊಂದು ಸಿಹಿ ಮಾಡಬಹುದು. ಒಂದು ಸೇರು ಪೇರಲ ರಸಕ್ಕೆ ಮುಕ್ಕಾಲು ಸೇರು ಸಕ್ಕರೆ ಸುರಿಯುವ ಧೈರ್ಯ ಯಾರಿಗೂ ಬರುವುದಿಲ್ಲ.

ಇಲ್ಲಿ ಭದ್ರಾವತಿ ಕಥೆಯೊಳಕ್ಕೆ ಬರುತ್ತದೆ. ಬೆಂಕಿಪುರವೆಂದು ಹೆಸರಿದ್ದ ಆ ಊರಿನಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿತು. ಅದರ ಕುಲುಮೆ ಉರಿದುದು ಕಲ್ಲಿದ್ದಲಿನಿಂದಲ್ಲ, ಸುತ್ತಣ ಕಾಡಿನ ಮರವನ್ನು ಸುಟ್ಟ ಇದ್ದಿಲಿನಿಂದ. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಅದಕ್ಕೆ ಬಿದಿರು ಬೇಕಾಯಿತು, ಮುಂದೆ ನೀಲಗಿರಿ, ಅಕೇಶಿಯಾ ನೆಡುತೋಪುಗಳು ಬೇಕಾದವು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನೀರು ಕಾಲುವೆಗಿಳಿದ ಮೇಲೆ ಕಬ್ಬು ಹಬ್ಬಿತು. 1980ರ ದಶಕದಲ್ಲಿ ಕಾಗದದ ಕಾರ್ಖಾನೆಯ ಪಕ್ಕದಲ್ಲಿಯೇ ಸಕ್ಕರೆಯ ಘಟಕ ಎದ್ದಿತು. ಅಲ್ಲಿ ಕಬ್ಬಿನ ರಸ ಸಕ್ಕರೆಗೆ, ಸಿಪ್ಪೆ ಕಾಗದಕ್ಕೆ. ಪಾಳಿಯ ಮೇಲೆ ದುಡಿಯುವ ಊರಿನಲ್ಲಿ ಬೇಕರಿಗೂ ಬ್ರೆಡ್ಡಿಗೂ ಸ್ಥಾನ ದೊರೆಯುವುದು ಸಹಜ. ಜೆಲ್ಲಿಗೆ ಬೇಕಾದ ಸಕ್ಕರೆಯೂ ಅದನ್ನು ಹಚ್ಚುವ ಬ್ರೆಡ್ಡೂ ಕೊನೆಗೆ ಶಿವಮೊಗ್ಗ ಸೀಮೆಯಲ್ಲಿಯೇ ಕೈಗೆಟುಕಿದವು. ಆದರೆ ಆ ವೇಳೆಗೆ ಕವಳಿಯ ಪೊದೆ, ನೇರಳೆಯ ಮರ, ಹುಳಿಮಾವುಗಳು ನಿಂತಿದ್ದ ಎಷ್ಟೋ ನೆಲ ಇದ್ದಿಲಿಗೂ ನೆಡುತೋಪಿಗೂ ಸಂದುಹೋಗಿತ್ತು. ಸಕ್ಕರೆ ಬಂದಿತು, ಹಣ್ಣು ಹಿಂದಕ್ಕೆ ಸರಿಯಿತು. 2015ರಲ್ಲಿ ಕಾಗದದ ಉತ್ಪಾದನೆಯೂ ನಿಂತಿತು. ನೆಡುತೋಪುಗಳ ಜಾಗಕ್ಕೆ ಹಳೆಯ ಹಣ್ಣಿನ ಮರಗಳು ತಾವಾಗಿ ಮರಳಿ ಬರಲಿಲ್ಲ.

ಈ ಕಾಡುಹಣ್ಣುಗಳನ್ನು ನಾನು ಇಷ್ಟು ಹೇಳಿಕೊಳ್ಳುವುದಕ್ಕೆ ಕಾರಣವುಂಟು. ಜೆಲ್ಲಿಗೆ ಹೇಳಿಮಾಡಿಸಿದ ಹಣ್ಣುಗಳು ಅವೇ. 1825ರಲ್ಲಿ ಆನ್ರಿ ಬ್ರಾಕೊನೊ ಎಂಬ ಫ್ರೆಂಚ್ ರಸಾಯನವಿಜ್ಞಾನಿ ಹಣ್ಣಿನ ರಸವನ್ನು ಗಟ್ಟಿಸುವ ವಸ್ತುವನ್ನು ಬೇರ್ಪಡಿಸಿ, ಹೆಪ್ಪುಗಟ್ಟಿದ್ದು ಎಂಬ ಅರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ಪೆಕ್ಟಿನ್ ಎಂದು ಹೆಸರಿಟ್ಟ. ಸಸ್ಯದ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಗಾರೆ ಅದು. ಕಾಯಿ ಹಣ್ಣಾಗುತ್ತ ಬಂದಂತೆ ಈ ಗಾರೆ ಸಡಿಲಿ, ಕಳಿತ ಹಣ್ಣಿನಲ್ಲಿ ಕರಗಿಹೋಗುತ್ತದೆ. ಆದುದರಿಂದ ಜೆಲ್ಲಿಗೆ ಬೇಕಾದುದು ಬಾಯಿ ಚಪ್ಪರಿಸುವ ಹಣ್ಣಲ್ಲ, ಮುಕ್ಕಾಲು ಮಾಗಿದ ಹುಳಿಹಣ್ಣು. ಕವಳಿ, ಬೇಲ, ಪೇರಲಗಳಲ್ಲಿ ಪೆಕ್ಟಿನ್ನೂ ಹುಳಿಯೂ ಜೊತೆಗಿವೆ. ಬನವಾಸಿ ಸೀಮೆಯ ಅನಾನಸಿನಲ್ಲಿ ಪರಿಮಳ ಎಷ್ಟಿದ್ದರೂ ಪೆಕ್ಟಿನ್ ಕಡಿಮೆ. ಪೇರಲದ ನೆರವಿಲ್ಲದೆ ಅದು ನಿಲ್ಲದು.

ಮಾಡುವ ಕ್ರಮ ಸರಳ, ಆತುರಗಾರರಿಗೆ ಮಾತ್ರ ಕಠಿಣ. ಪೇರಲವನ್ನು ಹೆಚ್ಚಿ, ಮುಳುಗುವಷ್ಟು ನೀರಿನಲ್ಲಿ ಅರ್ಧ ತಾಸು ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಬೇಕು. ಹಿಂಡಬಾರದು, ಹಿಂಡಿದರೆ ರಸ ಕದಡಿ ಜೆಲ್ಲಿ ಮಂಕಾಗುತ್ತದೆ. ರಸದ ಅಳತೆಗೆ ಮುಕ್ಕಾಲರಷ್ಟು ಸಕ್ಕರೆ, ಹುಳಿ ಸಾಲದಿದ್ದರೆ ಲಿಂಬೆ. ಪಾಕ ಬಂದಿತೆಂಬುದನ್ನು ಸೌಟಿನಿಂದ ತಿಳಿಯಬಹುದು: ಎತ್ತಿ ಓರೆಮಾಡಿದಾಗ ಹನಿಹನಿಯಾಗಿ ಬೀಳದೆ ಹಾಳೆಯಂತೆ ಕೂಡಿ ಜಾರಬೇಕು. ಉಷ್ಣಮಾಪಕವಿದ್ದವರು ಗ್ರಂಥಗಳಲ್ಲಿ ಹೇಳಿದ 105 ಡಿಗ್ರಿಗೆ ಕಾಯುತ್ತ ಕೂರಬಾರದು. ಆ ಅಂಕಿ ಸಮುದ್ರಮಟ್ಟದ ಊರಿನದು. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ 98 ಡಿಗ್ರಿಯ ಹತ್ತಿರ, ಜೆಲ್ಲಿಯ ಪಾಕ 103ಕ್ಕೆ ಮುಗಿಯುತ್ತದೆ. 105ರವರೆಗೆ ಕಾಯಿಸಿದರೆ ಸಿಗುವುದು ಅಂಟು.

ಈ ವಿದ್ಯೆಗೆ ಕನ್ನಡನಾಡಿನಲ್ಲಿ ಶಾಸ್ತ್ರೀಯ ನೆಲೆ ದೊರೆತುದು 1950ರಲ್ಲಿ, ಮೈಸೂರಿನ ಚೆಲುವಾಂಬಾ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾದಾಗ. ಗಿರಿಧಾರಿ ಲಾಲ್, ಜಿ. ಎಸ್. ಸಿದ್ದಪ್ಪ, ಜಿ. ಎಲ್. ಟಂಡನ್ ಅವರು ಕೂಡಿ ಬರೆದ ಹಣ್ಣು-ತರಕಾರಿ ಸಂರಕ್ಷಣೆಯ ಗ್ರಂಥ ಹಲವು ತಲೆಮಾರುಗಳ ವಿದ್ಯಾರ್ಥಿಗಳಿಗೆ ಪಠ್ಯವಾಯಿತು. ನಮ್ಮ ಸೀಮೆಗೆ ಹೆಚ್ಚು ಬೆಲೆಯುಳ್ಳ ಸಂಗತಿಯೊಂದನ್ನು ಆಹಾರ ವಿಜ್ಞಾನ ತೋರಿಸಿಕೊಟ್ಟಿದೆ: ಹಲಸಿನ ಸಿಪ್ಪೆಯ ಒಳಭಾಗದಲ್ಲಿ, ತೊಳೆಗಳ ನಡುವಣ ನಾರಿನಲ್ಲಿ ಪೆಕ್ಟಿನ್ ಸಾಕಷ್ಟಿದೆ, ಅದರ ರಸದಿಂದ ಒಳ್ಳೆಯ ಜೆಲ್ಲಿಯಾಗುತ್ತದೆ. ಹಲಸು ಬಿಡಿಸಿದವರಿಗೆಲ್ಲ ಗೊತ್ತು, ಹಣ್ಣಿನ ತೂಕದ ಎಷ್ಟು ಪಾಲು ದನದ ಕೊಟ್ಟಿಗೆಗೋ ಗೊಬ್ಬರದ ಗುಂಡಿಗೋ ಹೋಗುತ್ತದೆಂದು. ತಿರುಳನ್ನು ಬಿಸುಡದ ಅಜ್ಜಿಯರು ಕೂಡ ಬಿಸುಡುತ್ತಿದ್ದ ಭಾಗದಿಂದಲೇ ಜೆಲ್ಲಿ ಬರುತ್ತದೆ. ಕೊಟ್ಟಿಗೆಯ ಹಸುವೊಂದೇ ಇದಕ್ಕೆ ಆಕ್ಷೇಪ ಹೇಳೀತು.

ಶಿವಮೊಗ್ಗೆಯ ಐಸ್‌ಕ್ರೀಮ್ ಅಂಗಡಿಗೆ ಹೋಗಿ ಜೆಲ್ಲಿ ಕೇಳಿದವರಿಗೆ ದೊರೆಯುವುದು ಬೇರೊಂದು ಪದಾರ್ಥ. ಕರಾವಳಿಯಿಂದ ಬಂದ ಗಡ್‌ಬಡ್ ಗಾಜಿನ ಲೋಟದಲ್ಲಿ ಹಣ್ಣಿಗೂ ಐಸ್‌ಕ್ರೀಮಿಗೂ ನಡುವೆ ನಡುಗುವ ಕೆಂಪು, ಹಸಿರು ತುಂಡುಗಳಲ್ಲಿ ಹಣ್ಣು ಇರಲೇಬೇಕೆಂದಿಲ್ಲ. ಬಣ್ಣ, ಸುವಾಸನೆ, ಸಕ್ಕರೆ, ಗಟ್ಟಿಸುವ ಒಂದು ಪುಡಿ ಸಾಕು. ಆ ಪುಡಿ ಪ್ರಾಣಿಗಳ ಚರ್ಮ, ಎಲುಬುಗಳಿಂದ ತೆಗೆದ ಜೆಲಟಿನ್ ಆಗಿರಬಹುದು. ಕಡಲ ಪಾಚಿಯಿಂದ ತೆಗೆದ, ನಮ್ಮವರು ಚೈನಾ ಗ್ರಾಸ್ ಎನ್ನುವ ಅಗರ್ ಆಗಿರಬಹುದು. ಸಸ್ಯಾಹಾರಿಗಳು ಪೊಟ್ಟಣದ ಮೇಲಿನ ಬಣ್ಣದ ಗುರುತನ್ನು ನೋಡುವುದು ಒಳಿತು. ಜೆಲಟಿನ್ ಏಪ್ರಿಲ್ ತಿಂಗಳ ಶಿವಮೊಗ್ಗೆಯ ಸೆಕೆಗೆ ಕರಗಿ ಹರಿಯುತ್ತದೆ, ಹಸಿ ಅನಾನಸು ಪರಂಗಿಗಳೊಡನೆ ಬೆರೆಸಿದರೆ ಗಟ್ಟಿಯಾಗುವುದೇ ಇಲ್ಲ, ಏಕೆಂದರೆ ಆ ಹಣ್ಣುಗಳ ಕಿಣ್ವ ಅದನ್ನು ಕತ್ತರಿಸಿಹಾಕುತ್ತದೆ. ಅಗರಿಗೆ ಈ ಎರಡು ಭಯಗಳೂ ಇಲ್ಲ. ಈ ಗುಣ ಒಂದು ದೊಡ್ಡ ಉಪಕಾರ ಮಾಡಿದೆ. 1881ರ ಸುಮಾರಿಗೆ ಜರ್ಮನಿಯಲ್ಲಿ ರಾಬರ್ಟ್ ಕಾಕ್‌ನ ಬಳಗದವರು ಜೆಲಟಿನ್ನಿನ ಮೇಲೆ ರೋಗಾಣುಗಳನ್ನು ಬೆಳೆಸಲು ಹೆಣಗುತ್ತಿದ್ದರು. ಮೈಯ ಬಿಸಿಯಲ್ಲಿ ಅದು ಕರಗಿಹೋಗುತ್ತಿತ್ತು. ಅವರ ಸಹೋದ್ಯೋಗಿ ವಾಲ್ಟರ್ ಹೆಸ್ಸೆಯ ಪತ್ನಿ ಫ್ಯಾನಿ, ತಾನು ಮನೆಯಲ್ಲಿ ಹಣ್ಣಿನ ಜೆಲ್ಲಿಗೆ ಬಳಸುವ ಅಗರನ್ನು ಪ್ರಯತ್ನಿಸಿ ನೋಡಿ ಎಂದಳು. ಆಕೆಗೆ ಅದನ್ನು ಕಲಿಸಿದವರು ಜಾವಾದಲ್ಲಿ ಬಾಳಿದ್ದ ನೆರೆಯವರೆಂದು ಹೇಳುತ್ತಾರೆ. ಮೆಗ್ಗಾನ್ ಆಸ್ಪತ್ರೆಯಾಗಲಿ ಮತ್ತಾವ ಆಸ್ಪತ್ರೆಯಾಗಲಿ, ಪ್ರಯೋಗಾಲಯದ ತಟ್ಟೆಯಲ್ಲಿ ರೋಗಾಣು ಬೆಳೆಯುವುದು ಇಂದಿಗೂ ಆ ಅಡುಗೆಮನೆಯ ಜೆಲ್ಲಿಯ ಮೇಲೆಯೇ.

ಪುಷ್ಟಿಯ ವಿಚಾರ ಬೇರೆ. ಜ್ವರ ಬಿಟ್ಟವರಿಗೆ, ಊಟ ಸೇರದ ಮಕ್ಕಳಿಗೆ ಜೆಲ್ಲಿ ಶಕ್ತಿದಾಯಕವೆಂಬ ನಂಬಿಕೆ ಹಳೆಯದು. ಅದರ ಖಂಡನೆಯೂ ಹಳೆಯದೇ. ಫ್ರಾನ್ಸಿನಲ್ಲಿ ಎಲುಬಿನ ಜೆಲಟಿನ್ ಸಾರಿನಿಂದ ಬಡವರ ಹಸಿವನ್ನು ನೀಗಿಸಬಹುದೆಂದು ಹಲವು ದಶಕ ವಾದ ನಡೆಯಿತು. ಮಜಾಂಡಿಯ ನೇತೃತ್ವದ ಸಮಿತಿ ನಾಯಿಗಳ ಮೇಲೆ ಪ್ರಯೋಗಿಸಿ, ಜೆಲಟಿನ್ ಒಂದರಿಂದಲೇ ಜೀವ ನಿಲ್ಲದೆಂದು 1841ರಲ್ಲಿ ವರದಿ ಮಾಡಿತು. ಟ್ರಿಪ್ಟೊಫಾನ್ ಎಂಬ ಅವಶ್ಯಕ ಅಂಶ ಅದರಲ್ಲಿಲ್ಲವೆಂಬುದು ಆಮೇಲೆ ತಿಳಿಯಿತು. ಹಣ್ಣಿನ ಜೆಲ್ಲಿಯಲ್ಲಂತೂ ಸಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. 100 ಗ್ರಾಂ ಜೆಲ್ಲಿ ಕೊಡುವ ಸುಮಾರು 260 ಕ್ಯಾಲೊರಿಗಳು ಸಕ್ಕರೆಯವು. 100 ಗ್ರಾಂ ಪೇರಲ ಹಣ್ಣಿನಲ್ಲಿ 200 ಮಿಲಿಗ್ರಾಮಿಗೂ ಹೆಚ್ಚು ಸಿ ಜೀವಸತ್ವವಿದೆ. ಬೇಯಿಸಿ, ಸೋಸಿ, ಮತ್ತೆ ಕುದಿಸಿದ ಮೇಲೆ ಅದರ ಬಹುಪಾಲು ಉಳಿಯುವುದಿಲ್ಲ. ನಾರು ಬಟ್ಟೆಯಲ್ಲಿಯೇ ಉಳಿಯಿತು. ಇನ್ನು ಪೆಕ್ಟಿನ್: ದಿನಕ್ಕೆ 15 ಗ್ರಾಮಿನಂತೆ ಸೇವಿಸಿದರೆ ರಕ್ತದ ಕೊಲೆಸ್ಟರಾಲ್ ಸ್ವಲ್ಪ ಇಳಿಯುತ್ತದೆಂದು ಆನ್ಸೆಲ್ ಕೀಸ್ ಮತ್ತು ಸಂಗಡಿಗರು 1961ರಲ್ಲಿ ತೋರಿಸಿದರು. ಇದನ್ನು ಜೆಲ್ಲಿಯ ಪರವಾಗಿ ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಜೆಲ್ಲಿಯಲ್ಲಿ ನೂರಕ್ಕೆ ಒಂದು ಪಾಲು ಪೆಕ್ಟಿನ್ ಇದ್ದರೆ, 15 ಗ್ರಾಮಿಗೆ ಒಂದೂವರೆ ಕಿಲೋ ಜೆಲ್ಲಿ ತಿನ್ನಬೇಕು. ಅದರೊಡನೆ ಒಂದು ಕಿಲೋದಷ್ಟು ಸಕ್ಕರೆ. ಪೇರಲವನ್ನು ಹಾಗೆಯೇ ಕಚ್ಚಿ ತಿಂದವನ ಮುಂದೆ ಈ ವಾದ ನಿಲ್ಲದು.

ಹಾಗಾದರೆ ಜೆಲ್ಲಿ ಬೇಡವೇ? ಬೇಕು, ಆಹಾರವೆಂದಲ್ಲ, ವ್ಯಂಜನವೆಂದು. ಉಪ್ಪಿನಕಾಯಿಯನ್ನು ಪುಷ್ಟಿಗೆಂದು ಯಾರು ತಿನ್ನುತ್ತಾರೆ? ಒಂದು ಚಮಚ ಕವಳಿ ಜೆಲ್ಲಿ ಅಕ್ಕಿರೊಟ್ಟಿಯ ಮೇಲೆ ಬೆಣ್ಣೆಯೊಡನೆ ಚೆನ್ನ. ಬಿಸಿನೀರಿನಲ್ಲಿ ಕದಡಿ, ಏಲಕ್ಕಿ ಬೆರೆಸಿದರೆ ಮತ್ತೆ ಪಾನಕವೇ ಆಗುತ್ತದೆ. ಅನಾನಸಿನ ಗೊಜ್ಜಿಗೆ ಬೆಲ್ಲ ಇಳಿಸಿ ಪೇರಲದ ಜೆಲ್ಲಿ ಸೇರಿಸಿದರೆ ಗೊಜ್ಜಿಗೆ ಮಿರುಗು ಬರುತ್ತದೆ. ಬೇಕರಿಯವರು ಕೇಕಿನ ಮೇಲೆ ಸವರುವುದೂ ಅದೇ ಮಿರುಗಿಗಾಗಿ. ಆದರೆ ಹಣ್ಣಿನ ಚಿತ್ರವಿರುವ ಬಣ್ಣದ ಪೊಟ್ಟಣವನ್ನು ಹಣ್ಣೆಂದು ನಂಬಿ ಮಗುವಿನ ಕೈಗಿಡುವುದನ್ನು ನಾನು ಒಪ್ಪಲಾರೆ. 1955ರ ಹಣ್ಣಿನ ಪದಾರ್ಥಗಳ ಆಜ್ಞೆಯೇ ಹಣ್ಣಿನ ಜೆಲ್ಲಿಯಲ್ಲಿ ನೂರಕ್ಕೆ 45 ಪಾಲು ಹಣ್ಣಿರಬೇಕೆಂದು ವಿಧಿಸಿತು. ಪುಡಿಯಿಂದ ಮಾಡಿದ ಮಿಠಾಯಿಗೆ ಆ ಕಟ್ಟಳೆ ತಾಗುವುದಿಲ್ಲ, ಏಕೆಂದರೆ ಅದು ತನ್ನನ್ನು ಹಣ್ಣಿನ ಜೆಲ್ಲಿಯೆಂದು ಕರೆದುಕೊಳ್ಳುವುದಿಲ್ಲ. ಚಿತ್ರವನ್ನು ಮಾತ್ರ ಹಾಕಿಕೊಳ್ಳುತ್ತದೆ.

ಸಕ್ಕರೆಯಿಲ್ಲದೆ ಜೆಲ್ಲಿ ನಿಲ್ಲದೆಂದು ಮೇಲೆ ಹೇಳಿದುದು ಹಣ್ಣಿನ ಜೆಲ್ಲಿಯ ಮಾತು. ಮಲೆನಾಡಿನಲ್ಲಿ ಸಕ್ಕರೆಯನ್ನೂ ಒಲೆಯನ್ನೂ ಬಯಸದ ಜೆಲ್ಲಿಯೊಂದು ಮೊದಲಿನಿಂದಲೂ ಇತ್ತು. ಯಾರೂ ಅದನ್ನು ಜೆಲ್ಲಿಯೆಂದು ಕರೆಯಲಿಲ್ಲ, ಅಷ್ಟೆ. ಕಾಡಂಚಿನ ಬೇಲಿಗಳಲ್ಲಿ ಹಬ್ಬುವ ಹಾಡೆಬಳ್ಳಿ, ಬಯಲ ಕಡೆಯ ದಾಗಡಿಬಳ್ಳಿ ಇವೆರಡೂ ಅಮೃತಬಳ್ಳಿಯ ಕುಟುಂಬದವು. ಎಲೆಗಳನ್ನು ತೊಳೆದು, ತಣ್ಣೀರಿನಲ್ಲಿ ಕೈಯಿಂದ ಕಿವುಚಿ, ಬಟ್ಟೆಯಲ್ಲಿ ಸೋಸಿ ಇಟ್ಟರೆ ಕೊಂಚ ಹೊತ್ತಿನಲ್ಲಿ ಪಾತ್ರೆಯ ನೀರೆಲ್ಲ ಹಸಿರು ಗಡ್ಡೆಯಾಗಿ ನಿಲ್ಲುತ್ತದೆ. ಬೆಲ್ಲ, ಕಾಯಿಹಾಲು ಬೆರೆಸಿ ಬೇಸಗೆಯಲ್ಲಿ ತಂಪಿಗೆಂದು ತಿನ್ನುತ್ತಾರೆ. ಇಂಥ ಎಲೆಯಲ್ಲಿರುವುದೂ ಪೆಕ್ಟಿನ್ನೇ. ಹಣ್ಣಿನದಕ್ಕಿಂತ ಬೇರೆ ಬಗೆಯದು, ಸಕ್ಕರೆ ಹುಳಿಗಳ ಬದಲು ನೀರಿನ ಸುಣ್ಣದ ಅಂಶವನ್ನು ಹಿಡಿದು ಗಟ್ಟಿಯಾಗುವಂಥದು. ಜಾವಾದಲ್ಲಿ ಹಾಡೆಬಳ್ಳಿಯ ಹತ್ತಿರದ ಬಂಧುವೊಂದರಿಂದ ಇದನ್ನೇ ಮಾಡಿ ಚಿಂಚಾವ್ ಎಂದು ಬೀದಿಯಲ್ಲಿ ಮಾರುತ್ತಾರೆ. ನಮಗೆ ಸಕ್ಕರೆ ಕಳುಹಿಸುತ್ತಿದ್ದ ದ್ವೀಪ ತನ್ನ ಎಲೆಯ ಜೆಲ್ಲಿಯನ್ನು ಬಿಡಲಿಲ್ಲ.

ಶಿವಮೊಗ್ಗೆಯ ಅಂಗಡಿಗಳಲ್ಲಿ ಇದನ್ನು ಹುಡುಕಿ ಪ್ರಯೋಜನವಿಲ್ಲ. ಬೆಳಿಗ್ಗೆ ಕಟ್ಟಿದ ಗಡ್ಡೆ ಮರುದಿನ ನೀರು ಬಿಡುತ್ತದೆ. ಕಿವುಚಿದ ಮನೆಯಲ್ಲಿಯೇ, ಅಂದೇ, ತಿಂದು ಮುಗಿಸಬೇಕು; ಎಲೆಯನ್ನು ಬೇಲಿಯಲ್ಲಿ ಗುರುತಿಸಬಲ್ಲವರು ಮನೆಯಲ್ಲಿ ಒಬ್ಬರಾದರೂ ಇರಬೇಕು.